ಹಡಗಿನಜ್ಜನಿಗೆ ಹೆಣ್ಣು ನೋಡಿದ್ದು

ಹಡಗಿನಜ್ಜ ಒಬ್ಬ ಬಿಳಿಯ ಅಧಿಕಾರಿಯ ಕೆನ್ನೆಗೆ ಹೊಡೆದು ಅಂಡಮಾನಿಗೆ ಹೋದರು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಮೊದಲು ತಿಳಿಯಬೇಕಾದದ್ದು, ಯಾವ ಅಧಿಕಾರಿ? ನಾನು ಚಿಕ್ಕವಳಿದ್ದಾಗ ಅವನು ಬರೀ ಸುಂಕ ವಸೂಲಿಯವನಾಗಿದ್ದ. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಕಲೆಕ್ಟರನಾದ. ಈಗ ಎರಡು ವರ್ಷದಿಂದ ಅವನಿಗೊಂದು ಕುದುರೆಯೂ ಸಿಕ್ಕಿದೆ; ಅಜ್ಜ ಅವನನ್ನು ಕುದುರೆಯಿಂದ ಎಳೆದು ಕೆಡವಿ ಹೊಡೆದರಂತೆ. ಸತ್ತ ಮೇಲೆ ಇಷ್ಟು ಬಡ್ತಿ ಪಡೆದ ಸರಕಾರಿ ನೌಕರ ಬೇರೆ ಯಾರೂ ಇರಲಾರ. ನಮ್ಮೂರು ಕಾಪುವಿನ ಕಡಲತೀರದ ಮರಳಿನ ಮೇಲೆ ಕುದುರೆ ಓಡಿಸಲು ಕಲೆಕ್ಟರನಿಗೆ ಎಂತ ಕೆಲಸವಿತ್ತು ಎಂದು ಕೇಳಿದರೆ ಮಾಮ, "ಗಾಳಿ ತೆಗೊಳ್ಳಲಿಕ್ಕೆ ಬಂದದ್ದು" ಎನ್ನುತ್ತಾರೆ.

ಮಾಮ ಎಂದರೆ ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನರು. ಮೀನಿನ ಲಾರಿಗಳಿಗೆ ಐಸ್ ಹಾಕಿಸುವ ವ್ಯಾಪಾರ. ಹಡಗಿನಜ್ಜ ಎಂದರೆ ನನ್ನ ಅಜ್ಜಿಯ ಅಜ್ಜಿಗೆ ಒಬ್ಬನೇ ತಮ್ಮ. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಹಾಗಾಗಿ ಅಜ್ಜಿಯ ತಮ್ಮಂದಿರು, ಅಮ್ಮನ ಅಣ್ಣಂದಿರು ಇವರೇ ನಮ್ಮ ಮನೆಯ ಗಂಡಸರು. ಹಡಗಿನಜ್ಜ ಇಪ್ಪತ್ತೆರಡನೆಯ ಪ್ರಾಯದಲ್ಲಿ ಕೈಕೋಳದೊಂದಿಗೆ ಹಡಗು ಹತ್ತಿದವರು ಮತ್ತೆ ಬರಲಿಲ್ಲ. ಈ ಕೊನೆಯ ಸಂಗತಿಯನ್ನು ಮಾತ್ರ ನಾನು ಒಪ್ಪುತ್ತೇನೆ.

ಅವರ ಫೋಟೋ ಇಲ್ಲ. ಆದರೆ ಪ್ರತಿ ಆಗಸ್ಟ್ ಹದಿನೈದಕ್ಕೆ ನಮ್ಮ ಗೇಟಿನ ಮುಂದೆ ಅವರ ಫ್ಲೆಕ್ಸ್ ಉಂಟು. ಬನ್ನಂಜೆಯ ಫ್ಲೆಕ್ಸ್ ಅಂಗಡಿಯವನು ಮಾಮನ ಫೋಟೋ ತೆಗೆದುಕೊಂಡು ಅದಕ್ಕೊಂದು ಮುಂಡಾಸು, ಎರಡು ಮೀಸೆಯ ತುದಿ ಸೇರಿಸಿ ಅಜ್ಜನನ್ನು ತಯಾರು ಮಾಡುತ್ತಾನೆ. ಹೋದ ವರ್ಷ ಮಾಮ ಕನ್ನಡಕ ತೆಗೆಯಲು ಮರೆತ ಫೋಟೋ ಕೊಟ್ಟಿದ್ದರು. ಆ ವರ್ಷ ಹಡಗಿನಜ್ಜ ಪ್ರೋಗ್ರೆಸಿವ್ ಲೆನ್ಸಿನ ಕನ್ನಡಕ ಹಾಕಿಕೊಂಡೇ ಬ್ರಿಟಿಷರನ್ನು ಎದುರಿಸಿದರು.

ನನ್ನ ಕೆಲಸವೇ ನನ್ನನ್ನು ಹೀಗೆ ಮಾಡಿದೆ ಎಂದು ಅಕ್ಕ ಹೇಳುತ್ತಾಳೆ. ಮಣಿಪಾಲದ ಒಂದು ಕಚೇರಿಯಲ್ಲಿ ನಾನು ಬೇರೆಯವರ ಸಂಶೋಧನಾ ಪ್ರಬಂಧಗಳ ಅಡಿಟಿಪ್ಪಣಿ ತಿದ್ದುತ್ತೇನೆ. ದಿನಕ್ಕೆ ನೂರು ಸಲ ಅಂಚಿನಲ್ಲಿ "ಮೂಲ ಯಾವುದು?" ಎಂದು ಬರೆಯುವುದು. ಅದಕ್ಕೂ ಮೊದಲು ಶಾಲೆ, ಕಾಲೇಜು ಎಲ್ಲ ಕಡೆ ಚರ್ಚಾಸ್ಪರ್ಧೆ. ಪರ, ವಿರೋಧ ಯಾವುದು ಕೊಟ್ಟರೂ ಗೆಲ್ಲುತ್ತಿದ್ದೆ. ಮನೆಯಲ್ಲಿ ಯಾರು ಏನು ಹೇಳಿದರೂ ಬಾಯಿಂದ ಮೊದಲು ಬರುವುದು ಅದೇ: "ಯಾರು ಹೇಳಿದ್ದು?" ಅಮ್ಮ ಒಮ್ಮೆ ಸಾರಿಗೆ ಉಪ್ಪು ಹಾಕಿದೆ ಎಂದದ್ದಕ್ಕೂ ಕೇಳಿದೆ. ಆ ದಿನ ನನಗೆ ಬಡಿಸಲಿಲ್ಲ.

ಕಳೆದ ಬೇಸಗೆಯಲ್ಲಿ ಅಕ್ಕನಿಗೆ ಸಂಬಂಧವೊಂದು ಕೂಡಿಬಂತು. ಅಕ್ಕ ಉಡುಪಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹುಡುಗ ಕಾರ್ಕಳದವನು, ಗ್ರಾನೈಟ್ ಅಂಗಡಿ. ಅದಕ್ಕೆ ಮೊದಲು ಎರಡು ಸಂಬಂಧ ಮಾತುಕತೆಯಾಗಿ ಮುರಿದಿದ್ದವು, ಎರಡು ಸಲವೂ ಅಕ್ಕ ಏನೂ ಆಗಿಲ್ಲವೆಂಬಂತೆ ಮರುದಿನ ಬೆಳಿಗ್ಗೆ ಬಸ್ ಹತ್ತಿದ್ದಳು. ಈ ಹುಡುಗನ ವಿಷಯ ಹಾಗಲ್ಲ. "ಅವನು ವಾದದಲ್ಲಿ ಸೋಲ್ತಾನೆ, ಸೋತ ಮೇಲೆ ನಗ್ತಾನೆ. ನಿನ್ನ ಜೊತೆ ಇಷ್ಟು ವರ್ಷ ಇದ್ದು ನನಗೆ ಅಂಥವನು ಬೇಕು" ಎಂದು ನನ್ನ ಮುಖ ನೋಡಿಯೇ ಹೇಳಿದಳು.

ಹುಡುಗನ ತಾಯಿ ಮಾತ್ರ ಜ್ಯೋತಿಷಿಯೊಬ್ಬರ ಹತ್ತಿರ ಪ್ರಶ್ನೆ ಇಡಿಸಬೇಕೆಂದರು. ಇಡಿಸಿದೆವು. ಜ್ಯೋತಿಷಿ ಕವಡೆ ಸರಿಸಿ, ಎರಡು ಸಂಬಂಧ ಸುಮ್ಮನೆ ಮುರಿದದ್ದಲ್ಲ ಎಂದರು. "ನಿಮ್ಮಲ್ಲಿ ಒಬ್ಬರು ನೀರಿನಾಚೆ ಮದುವೆಯಾಗದೆ ತೀರಿಹೋಗಿದ್ದಾರೆ. ತನಗಾಗದ್ದು ಈ ಮನೆಯಲ್ಲಿ ಇನ್ನೊಬ್ಬರಿಗೆ ಆಗ್ಲಿಕ್ಕೆ ಬಿಡುವುದಿಲ್ಲ."

ತೀರಿಹೋದವರನ್ನು ತುಳುವಿನಲ್ಲಿ ಕುಲೆ ಎನ್ನುತ್ತೇವೆ. ಮದುವೆಯಾಗದೆ ತೀರಿಕೊಂಡ ಕುಲೆಗೆ, ಹಾಗೆಯೇ ತೀರಿಕೊಂಡ ಇನ್ನೊಂದು ಮನೆಯ ಹೆಣ್ಣನ್ನು ಹುಡುಕಿ, ಆಟಿ ತಿಂಗಳಲ್ಲಿ, ಎಂದರೆ ಬದುಕಿರುವವರ ಮದುವೆ ನಡೆಯದ ಆ ಮಳೆಯ ತಿಂಗಳಲ್ಲಿ, ಶಾಸ್ತ್ರಬದ್ಧವಾಗಿ ಮದುವೆ ಮಾಡುವುದು ನಮ್ಮ ಕಡೆಯ ಪದ್ಧತಿ. ಕುಲೆ ಮದಿಮೆ. ಹೆಣ್ಣು ನೋಡುವುದು, ನಿಶ್ಚಯ, ಸೀರೆ, ಧಾರೆ, ಊಟ, ಎಲ್ಲವೂ ಉಂಟು. ಮದುಮಗ, ಮದುಮಗಳು ಮಾತ್ರ ಇರುವುದಿಲ್ಲ.

ನಾನು ಸುಮ್ಮನಿರಬಹುದಿತ್ತು. "ನನ್ನ ಅಮ್ಮನಿಗೆ ಮದುವೆಯಾಗಿದೆ, ಅಜ್ಜಿಗಾಗಿದೆ, ಅಜ್ಜಿಯ ಅಮ್ಮನಿಗೂ ಆಗಿದೆ. ಆಗೆಲ್ಲ ಹಡಗಿನಜ್ಜ ರಜೆಯಲ್ಲಿದ್ದರಾ?" ಎಂದು ಕೇಳಿಬಿಟ್ಟೆ.

ಜ್ಯೋತಿಷಿ ನನ್ನನ್ನು ಕನಿಕರದಿಂದ ನೋಡಿದರು. "ಆಗ ಅವರು ತಾಳ್ಮೆಯಿಂದ ಇದ್ದರು" ಎಂದರು.

ಕಾರ್ಕಳದಿಂದ ಮಾತು ಬಂತು: ಆಟಿ ಮುಗಿಯುವುದರೊಳಗೆ ಅಜ್ಜನ ಮದುವೆ ಆಗಲಿ, ಆಟಿ ಕಳೆದು ಹದಿನೈದು ದಿನಕ್ಕೆ ಅಕ್ಕನದು. ಆಗದಿದ್ದರೆ ಸಂಬಂಧವನ್ನು ಇಲ್ಲಿಗೇ ಬಿಡುವ, ಬೇಸರ ಬೇಡ. ಹುಡುಗ ಕೊಟ್ಟಿದ್ದ ಗ್ರಾನೈಟಿನ ತುಂಡೊಂದು ಅಕ್ಕನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟದ್ದಿತ್ತು. ಅದನ್ನು ಎತ್ತಿ ಕಪಾಟಿನೊಳಗೆ ಇಟ್ಟು ಬೀಗ ಹಾಕಿದಳು. ಆಗ ನಾನು ನಿರ್ಧರಿಸಿದೆ. ಹಡಗಿನಜ್ಜನಿಗೆ ಅಲ್ಲಿ ಮದುವೆಯಾಗಿತ್ತು ಎಂದು ತೋರಿಸಿದರೆ ಜ್ಯೋತಿಷಿಯ ಮಾತು ಬಿದ್ದುಹೋಗುತ್ತದೆ, ಅಕ್ಕನ ದಾರಿ ತೆರೆಯುತ್ತದೆ. ಒಂದು ದಾಖಲೆ ಸಿಕ್ಕಿದರೆ ಸಾಕು.

ಅಂಡಮಾನಿಗೆ ಸಾಗಿಸಲ್ಪಟ್ಟ ಕೈದಿಗಳ ವಂಶದವರದ್ದೊಂದು ಗುಂಪು ಇಂಟರ್ನೆಟ್ಟಿನಲ್ಲಿ ಇದೆ. ಅಲ್ಲಿ ಎಲ್ಲರೂ ನನ್ನ ಹಾಗೆ ಅಜ್ಜನನ್ನು ಹುಡುಕುವವರೇ. ಊರು, ಮನೆತನ, ಕಸುಬು ಬರೆದು ಹಾಕಿದೆ. ಕಾಯುತ್ತಾ ಕುಳಿತೆ.

ಮಾಮ ಕಾಯುತ್ತಾ ಕುಳಿತುಕೊಳ್ಳುವವರಲ್ಲ. ಒಂದೇ ವಾರದಲ್ಲಿ ಹಿರಿಯಡ್ಕದಲ್ಲಿ ಹೆಣ್ಣು ಸಿಕ್ಕಿತು. ಮೂರು ತಿಂಗಳ ಹಸುಳೆಯಾಗಿದ್ದಾಗ ತೀರಿಕೊಂಡ ಮಗು. ಬದುಕಿದ್ದರೆ ಈಗ ಅಕ್ಕನ ಪ್ರಾಯ. ಮಾಮ, ಅಮ್ಮ, ನಾನು ಹೆಣ್ಣು ನೋಡಲು ಹೋದೆವು. ನೋಡುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ಅವಲಕ್ಕಿ ತಿಂದೆವು.

ಹೆಣ್ಣಿನ ಸೋದರಮಾವ ನಮ್ಮನ್ನು ಚೆನ್ನಾಗಿಯೇ ವಿಚಾರಿಸಿಕೊಂಡರು. "ಹುಡುಗ ಎಂತ ಮಾಡಿಕೊಂಡಿದ್ದದ್ದು?"

"ಸ್ವಾತಂತ್ರ್ಯ ಹೋರಾಟ" ಎಂದರು ಮಾಮ.

"ಅದು ಸರಿ. ಹೊಟ್ಟೆಪಾಡಿಗೆ?"

"ದೋಣಿ."

"ಸ್ವಂತದ್ದಾ?"

ಮಾಮ ಚಹಾ ಒಂದು ಗುಟುಕು ಕುಡಿದು, "ಪಾಲಿನದ್ದು" ಎಂದರು.

"ಕುಡಿಯುವ ಅಭ್ಯಾಸ ಎಂತಾದರೂ?"

"ಇದ್ದರೂ ಈಗ ಬಿಟ್ಟಿರಬೇಕು" ಎಂದು ನಾನು ಹೇಳಿದೆ. ಅಮ್ಮ ನನ್ನ ತೊಡೆ ಚಿವುಟಿದರು. ಚಿವುಟಿದರೆ ನಾನು ನಿಲ್ಲುವುದಿಲ್ಲ, ಅದು ಅವರಿಗೂ ಗೊತ್ತು. "ಪ್ರಾಯದ ಅಂತರ ಸ್ವಲ್ಪ ಜಾಸ್ತಿ ಆಗಲಿಲ್ವಾ? ಅಜ್ಜ ಹೋಗಿ ನೂರು ವರ್ಷದ ಮೇಲಾಯಿತು."

"ಸತ್ತವರಿಗೆ ಪ್ರಾಯ ಏರುವುದಿಲ್ಲ ಮಾರಾಯ್ತಿ. ಅಜ್ಜನಿಗೆ ಯಾವಾಗ್ಲೂ ಇಪ್ಪತ್ತೆರಡೇ" ಎಂದರು ಮಾಮ.

"ಹಾಗಾದರೆ ಹುಡುಗಿಗೆ ಯಾವಾಗ್ಲೂ ಮೂರು ತಿಂಗಳೇ. ಇದು ಬಾಲ್ಯವಿವಾಹ."

ಯಾವ ಸ್ಪರ್ಧೆಯಲ್ಲಾದರೂ ತೀರ್ಪುಗಾರರು ಇಲ್ಲಿಗೆ ಗಂಟೆ ಬಾರಿಸುತ್ತಿದ್ದರು. ಆದರೆ ಬಾಗಿಲಿನ ಹತ್ತಿರ ನಿಂತಿದ್ದ ಹೆಣ್ಣಿನ ತಾಯಿ ಒಳಗೆ ಹೋಗಿ ಒಂದು ಬಿಸ್ಕೆಟ್ ಡಬ್ಬಿ ತಂದು ಮುಚ್ಚಳ ತೆಗೆದರು. ತುಂಬ ಗಾಜಿನ ಬಳೆಗಳು, ಜೋಡಿ ಜೋಡಿ ದಾರ ಕಟ್ಟಿದ್ದು. ಅಡಿಯಲ್ಲಿ ಬೆರಳಿಗಷ್ಟೇ ಹಿಡಿಸುವಂಥ ಎರಡು ಕರಿಬಳೆ.

"ಅವಳು ಬೆಳೆದಿದ್ದಾಳೆ" ಎಂದರು ಅವರು. ದನಿಯಲ್ಲಿ ವಾದವೇ ಇರಲಿಲ್ಲ, ಬರೀ ಮಾಹಿತಿ ಕೊಟ್ಟ ಹಾಗೆ. "ಪ್ರತಿ ವರ್ಷ ಒಂದು ಜೊತೆ ತರ್ತೇನೆ. ಬೆಳೆದ ಹಾಗೆ ಅಳತೆ ದೊಡ್ಡದು ಮಾಡಿದೆ. ಈಗ ಐದಾರು ವರ್ಷದಿಂದ ಎರಡು-ಆರೇ ಆಗ್ತದೆ. ಇನ್ನು ಬೆಳೆಯುವುದಿಲ್ಲ, ಅಲ್ವಾ?"

ಮನೆಗೆ ಬರುವವರೆಗೆ ನಾನು ಮಾತಾಡಲಿಲ್ಲವೆಂದು ಮಾಮ ಆಮೇಲೆ ಎಷ್ಟೋ ಜನರಿಗೆ ಹೇಳಿದರು, ಜ್ಯೋತಿಷಿಗೂ.

ಮರುವಾರ ಅಂಡಮಾನಿನಿಂದ ಉತ್ತರ ಬಂತು. ಬರೆದವರು ನಿವೃತ್ತ ಶಾಲಾ ಶಿಕ್ಷಕಿ. ಹಳೆಯ ರಿಜಿಸ್ಟರಿನ ಒಂದು ಪುಟದ ಫೋಟೋ ಕಳಿಸಿದ್ದರು. ಹೆಸರು ನಮ್ಮ ಅಜ್ಜನದ್ದೇ, ಊರು ಕಾಪು, ಕಸುಬು ಮೀನು ಹಿಡಿಯುವುದು. ಗುರುತು ಎಂಬಲ್ಲಿ: ಎಡಗೈಯ ಕಿರುಬೆರಳು ಅರ್ಧ ಇಲ್ಲ. ಸಾಕ್ಷಿಯ ಬಾಯಿಗೆ ನಾವೇ ಮಾತು ತುರುಕಬಾರದು. ಹಾಗಾಗಿ ನಾನು ಅಜ್ಜಿಯ ಹತ್ತಿರ ಹೋಗಿ, "ಹಡಗಿನಜ್ಜನ ಮೈಮೇಲೆ ಎಂತಾದರೂ ಗುರುತು ಇತ್ತಾ?" ಎಂದಷ್ಟೇ ಕೇಳಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಎಡಗೈ ಕಿರುಬೆರಳನ್ನು ಅರ್ಧಕ್ಕೆ ಮಡಚಿ ತೋರಿಸಿದರು. "ಬಲೆಯ ಹಗ್ಗಕ್ಕೆ ಸಿಕ್ಕಿ ಹೋದದ್ದು, ಸಣ್ಣವರಿರುವಾಗ."

ಅಪರಾಧದ ಕಾಲಮಿನಲ್ಲಿ ಅಧಿಕಾರಿಯೂ ಇಲ್ಲ, ಕುದುರೆಯೂ ಇಲ್ಲ. ಮೀನು ಪಾಲು ಮಾಡುವ ಜಗಳದಲ್ಲಿ ದೋಣಿಯ ಹುಟ್ಟಿನಿಂದ ಹೊಡೆದು ಎರ್ಮಾಳಿನ ಒಬ್ಬನನ್ನು ಕೊಂದದ್ದು ಎಂದಿತ್ತು. ಇಡೀ ಪುಟದಲ್ಲಿ ಬಿಳಿಯ ಅಧಿಕಾರಿ ಒಬ್ಬನೇ, ಕೆಳಗೆ ಸಹಿ ಮಾಡಿದವನು. ಅವನ ಕೆನ್ನೆಯ ಬಗ್ಗೆ ಏನೂ ಬರೆದಿಲ್ಲ.

ಶಿಕ್ಷಕಿಗೆ ಫೋನ್ ಮಾಡಿದೆ. ಅವರದು ಹಿಂದಿ, ನನ್ನದು ಹಿಂದಿಯೆಂದು ನಾನು ತಿಳಿದಿರುವ ಭಾಷೆ. ಅಧಿಕಾರಿಯ ಕತೆ ಹೇಳಿದಾಗ ಅವರು ಕೆಮ್ಮು ಬರುವಷ್ಟು ನಕ್ಕರು. "ಇಲ್ಲಿಯೂ ಎಲ್ಲರ ಮನೆಯ ಅಜ್ಜನೂ ಬಿಳಿಯನಿಗೆ ಹೊಡೆದೇ ಬಂದವನು ಮಗಳೇ. ಎಲ್ಲರೂ ಹೇಳುವುದು ನಿಜವಾಗಿದ್ದರೆ, ಆ ಒಬ್ಬನಿಗೆ ಹೊಡೆಯಲು ಕ್ಯೂ ನಿಂತಿರಬೇಕು." ಆಮೇಲೆ ಸಹಜವಾಗಿ ಹೇಳಿದರು, ಹಡಗಿನಜ್ಜ ತನ್ನ ಮುತ್ತಜ್ಜನೆಂದು.

ನಡತೆ ಒಳ್ಳೆಯದಿದ್ದ ಕೈದಿಗಳಿಗೆ ಕೆಲವು ವರ್ಷಗಳ ಮೇಲೆ ಅಲ್ಲಿ ತುಂಡು ಭೂಮಿ ಕೊಟ್ಟು, ಹೆಣ್ಣು ಕೈದಿಗಳನ್ನು ಮದುವೆಯಾಗಲು ಬಿಡುತ್ತಿದ್ದರಂತೆ. ಅಜ್ಜ ಮದುವೆಯಾದದ್ದು ಗಂಗೆಯ ಕಡೆಯ ಒಬ್ಬ ಹೆಂಗಸನ್ನು. ಅವಳು ಯಾಕೆ ಬಂದಳೆಂದು ಮನೆಯಲ್ಲಿ ಯಾರೂ ಯಾರನ್ನೂ ಕೇಳಿಲ್ಲ. ಇಬ್ಬರಿಗೂ ಒಂದೇ ಭಾಷೆ ಇರಲಿಲ್ಲ, ಅದರಿಂದ ಜಗಳವೂ ಇರಲಿಲ್ಲ. ಅಜ್ಜ ಸಮುದ್ರದ ಬದಿಯಲ್ಲಿ ತೆಂಗು ನೆಟ್ಟರು, ಮೀನು ಹಿಡಿದರು. ಅಂದರೆ ಸರಕಾರ ಅಷ್ಟು ದೊಡ್ಡ ಹಡಗಿನಲ್ಲಿ ಕೋಳ ತೊಡಿಸಿ ಕೊಂಡೊಯ್ದದ್ದು ಕಾಪುವಿನಿಂದ ಇನ್ನೊಂದು ಕಾಪುವಿಗೆ.

"ಕೊಲೆ ಯಾಕೆ ಮಾಡಿದರಂತೆ?" ಎಂದು ಕೇಳಿದೆ.

"ಒಂದು ಮೀನಿನ ತಲೆಗೆ. ಯಾರ ಪಾಲೆಂದು ಮಾತಿಗೆ ಮಾತು ಬೆಳೆಯಿತಂತೆ. ಅದಕ್ಕೇ ಇಲ್ಲಿ ಬಂದ ಮೇಲೆ ಸಾಯುವವರೆಗೆ ತಲೆ ತಿನ್ನಲಿಲ್ಲ. ಎಷ್ಟು ದೊಡ್ಡ ಮೀನು ತಂದರೂ ತಲೆಯನ್ನು ಹೆಂಡತಿಯ ತಟ್ಟೆಗೇ ಹಾಕುತ್ತಿದ್ದರು. ಅವಳ ಮೇಲೆ, ಮಕ್ಕಳ ಮೇಲೆ ಒಂದು ದಿನ ಕೈ ಎತ್ತಲಿಲ್ಲ. ನಮ್ಮಲ್ಲಿ ಈಗಲೂ ಹಾಗೆಯೇ, ತಲೆ ಹೆಂಗಸರಿಗೆ."

ಮಾತಿಗೆ ಮಾತು ಬೆಳೆಸುವುದು ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಎಲ್ಲಿಂದ ಬಂತು ಎಂದು ಅಮ್ಮ ಕೇಳುತ್ತಿರುತ್ತಾರೆ. ನಾನು ಈ ವಿಷಯವನ್ನು ಅವರಿಗೆ ಹೇಳಲಿಲ್ಲ.

ಮಾಮನಿಗೆ ಹೇಳಿದೆ. ಪುಟದ ಫೋಟೋ ತೋರಿಸಿದೆ. ಕೊಲೆಯ ಭಾಗ ಓದಿ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಈ ಸಲದ ಫ್ಲೆಕ್ಸ್ ಪ್ರಿಂಟಿಗೆ ಕೊಟ್ಟಾಗಿದೆ" ಎಂದರು.

"ಅದು ಇರಲಿ ಮಾಮ. ಅಜ್ಜನಿಗೆ ಮದುವೆಯಾಗಿದೆ."

"ಯಾರು ಹೇಳಿದ್ದು?" ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮಾತನ್ನು ನನಗೇ ಎಸೆದರು.

"ಅವರ ಮರಿಮಗಳು."

ಅದು ಬಲವಾದ ಏಟು ಎಂದುಕೊಂಡೆ. ಮಾಮ ಯೋಚಿಸಿ ಕೇಳಿದರು. "ಧಾರೆ ಎರೆದಿದ್ದಾರಾ?"

"ಜೈಲಿನ ಸಾಹೇಬರು ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ."

"ಅದು ರಿಜಿಸ್ಟರ್ ಮದುವೆ. ಕುಲೆಗೆ ರಿಜಿಸ್ಟರ್ ನಡೆಯುವುದಿಲ್ಲ."

"ಮಕ್ಕಳು ಮೊಮ್ಮಕ್ಕಳು ಇದ್ದಾರೆ ಮಾಮ!"

"ಮಕ್ಕಳು ತಾಯಿಯ ಕುಟುಂಬಕ್ಕೆ. ನಮ್ಮ ಕಟ್ಟಳೆಯಲ್ಲಿ ಅವರು ಲೆಕ್ಕಕ್ಕೆ ಬರುವುದಿಲ್ಲ."

"ಹಾಗಾದರೆ ನೀವು ಮಾಡಿಸುವುದು ಎರಡನೆಯ ಮದುವೆ. ಮೊದಲ ಹೆಂಡತಿಯ ಒಪ್ಪಿಗೆ ಬೇಡ್ವಾ?"

"ಅವಳು ಸತ್ತಿದ್ದಾಳಲ್ಲ."

"ಅಜ್ಜನೂ ಸತ್ತಿದ್ದಾರೆ! ಮದುಮಗಳೂ ಸತ್ತಿದ್ದಾಳೆ!"

"ಮತ್ತೆಂತ? ಮೂರೂ ಜನ ಸತ್ತವರು ಅವರವರಲ್ಲಿ ಮಾತಾಡಿಕೊಳ್ತಾರೆ. ಬದುಕಿರುವ ನೀನು ನಡುವೆ ಯಾಕೆ?" ಎಂದು ಎದ್ದ ಮಾಮ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು. "ಬೇಕಾದರೆ ಅಕ್ಕನಿಗೆ ಹೇಳು. ಅವಳು ಹೇಳಿದ ಹಾಗೆ ಮಾಡುವ."

ಉಡುಪಿಯಿಂದ ಕಾಪುವಿಗೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಅಕ್ಕನಿಗೆ ಎಲ್ಲ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಮೇಲಿನ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದಳು.

"ಅಂದರೆ ನನಗೆ ಅಡ್ಡಿ ಮಾಡಿದ್ದು ಹಡಗಿನಜ್ಜ ಅಲ್ಲ."

"ಅಲ್ವೇ ಅಲ್ಲ."

"ಮತ್ತೆ ಯಾರು?"

"ಯಾರೂ ಅಲ್ಲ ಅಕ್ಕ! ಅದೇ ತಾನೇ ನಾನು ಹೇಳುವುದು."

"ಅದನ್ನು ನೀನು ಕಾರ್ಕಳದಲ್ಲಿ ಹೇಳು. ಅವರು ಇನ್ನೊಂದು ಪ್ರಶ್ನೆ ಇಡಿಸ್ತಾರೆ. ಇನ್ನೊಬ್ಬ ಅಜ್ಜ ಸಿಗ್ತಾನೆ. ಅವನಿಗೆ ಹೆಣ್ಣು ಹುಡುಕುವಾಗ ಆಟಿ ಮುಗೀತದೆ, ಮಾತೂ ಮುಗೀತದೆ." ಬಸ್ ಬ್ರೇಕ್ ಹಾಕಿತು. ನನ್ನ ಮೇಲೆ ವಾಲಿದವಳು ಹಾಗೆಯೇ ಕಿವಿಯ ಹತ್ತಿರ ಹೇಳಿದಳು. "ಮನೆಯ ಕಪಾಟಿನಲ್ಲಿ ನನ್ನ ಸೀರೆ ಇಡ್ಲಿಕ್ಕೆ ಜಾಗ ಇಲ್ಲ, ಎಲ್ಲ ನೀನು ಗೆದ್ದ ಕಪ್. ನನಗೋಸ್ಕರ ಒಂದು ಸಲ ಸೋಲು ಮಾರಾಯ್ತಿ."

ಸೋಲುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಬಾಯಿ ಮುಚ್ಚಿಕೊಂಡೆ. ಇನ್ನು ಮೂರು ವಾರ ಮುಚ್ಚಿಕೊಂಡಿದ್ದರಾಯಿತು, ಅಷ್ಟೇ.

ಮದುವೆಯ ದಿನ ಬೆಳಿಗ್ಗೆ ಹಿರಿಯಡ್ಕಕ್ಕೆ ಹೊರಟೆವು. ಹರಿವಾಣದಲ್ಲಿ ಮಡಚಿಟ್ಟ ಪಂಚೆ, ಅಂಗಿ, ಶಲ್ಯ. ಅದೇ ಮದುಮಗ. ಮದುಮಗನನ್ನು ಹಿಂದೆ ಕೂರಿಸುವುದು ಸರಿಯಲ್ಲವೆಂದು ಮಾಮ ಹರಿವಾಣವನ್ನು ಮುಂದಿನ ಸೀಟಿನಲ್ಲಿ ಇಟ್ಟರು. ಕಾರು ಹೊರಟ ಕೂಡಲೇ ಅದು ಕುಂಯ್ ಕುಂಯ್ ಎಂದು ಕೂಗತೊಡಗಿತು, ಬೆಲ್ಟ್ ಹಾಕಿಲ್ಲವೆಂದು. ಮಾಮ ಕಾರು ನಿಲ್ಲಿಸಿ, "ಕ್ಷಮಿಸಬೇಕು ಅಜ್ಜ" ಎಂದು ಹರಿವಾಣಕ್ಕೆ ಸೀಟ್ ಬೆಲ್ಟ್ ಬಿಗಿದರು. ನೂರು ವರ್ಷದ ಮೇಲೆ ಮತ್ತೆ ಕಟ್ಟಿಹಾಕಿಸಿಕೊಂಡು ಹಡಗಿನಜ್ಜ ಪ್ರಯಾಣ ಮಾಡಿದರು. ಹಿಂದೆ ಅಜ್ಜಿ, ಅಮ್ಮ, ಅಕ್ಕ, ನಾನು ಒಬ್ಬರ ಮೇಲೊಬ್ಬರು.

ಕುಲೆ ಮದಿಮೆಯನ್ನು ಮದುವೆಯಾಗದವರು ನೋಡಬಾರದು. ಆದ್ದರಿಂದ ಅಲ್ಲಿ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ನನ್ನನ್ನೂ ಅಕ್ಕನನ್ನೂ ಹಿಂದಿನ ಜಗಲಿಗೆ ಕಳಿಸಿದರು. ಅಕ್ಕ ತೆಂಗಿನಕಾಯಿ ತುರಿಯಲು ಕುಳಿತಳು, ನಾನು ಬೀನ್ಸ್ ಕತ್ತರಿಸಲು. ಒಳಗಿನಿಂದ ಯಾರೋ "ಮದುಮಗಳ ಕುರ್ಚಿ ಬಲಕ್ಕೆ, ಬಲಕ್ಕೆ" ಎಂದು ಕೂಗಿದರು. ಇನ್ನೊಬ್ಬರು, "ಮದುಮಗ ಜಾರ್ತಾ ಇದ್ದಾರೆ, ಪಿನ್ ಹಾಕಿ" ಎಂದರು. ಆಮೇಲೆ ನೀರು ಬಿದ್ದ ಸದ್ದು. ಧಾರೆ ಆಯಿತು. ಅಕ್ಕ ತುರಿಯುವುದನ್ನು ನಿಲ್ಲಿಸಿ ಒಂದು ಉಸಿರು ಬಿಟ್ಟಳು. ಕಾರ್ಕಳದ ಹುಡುಗನ ತಾಯಿಯೂ ಒಳಗೆ ಮುಂದಿನ ಸಾಲಿನಲ್ಲೇ ಕುಳಿತಿದ್ದರು, ಎಲ್ಲ ಸರಿಯಾಗಿ ಆಗುತ್ತದೋ ಎಂದು ನೋಡಲು.

ಸ್ವಲ್ಪ ಹೊತ್ತಿನಲ್ಲಿ ಹೆಣ್ಣಿನ ತಾಯಿ ಹಿಂದಿನ ಜಗಲಿಗೆ ಬಂದರು. ಕಣ್ಣು ಒರೆಸಿಕೊಂಡು ಬಂದದ್ದು ಗೊತ್ತಾಗುತ್ತಿತ್ತು. ಕೈಯಲ್ಲಿ ಅದೇ ಬಿಸ್ಕೆಟ್ ಡಬ್ಬಿ. ಮೇಲಿನ ಜೊತೆ ತೆಗೆದು, ತೆಂಗಿನ ತುರಿ ಮೆತ್ತಿದ್ದ ಅಕ್ಕನ ಕೈಗೆ ತಾವೇ ತೊಡಿಸಿದರು. ಸರಿಯಾಗಿ ಹಿಡಿಸಿತು. "ನಿನಗೂ ಎರಡು-ಆರೇ" ಎಂದು ಅಕ್ಕನ ಕೈಯನ್ನು ತುಸು ಹೊತ್ತು ಬಿಡಲಿಲ್ಲ.

ಆಮೇಲೆ ನನ್ನ ಪಕ್ಕದಲ್ಲಿ ಕುಳಿತರು. "ನೀನು ಓದಿದವಳು, ಎಲ್ಲ ವಿಚಾರಿಸಿ ನೋಡುವವಳಂತೆ. ನಿನ್ನ ಮಾಮ ಹೇಳಿದ್ರು. ಒಂದು ಕೇಳ್ತೇನೆ, ಬೇಸರ ಮಾಡ್ಬೇಡ. ಆ ಬಿಳಿಯನಿಗೆ ಹೊಡೆದದ್ದು ದೊಡ್ಡ ಕೆಲಸ, ಅದು ಸರಿ. ಆದ್ರೆ ಹೊಡೆಯುವ ಕೈ ಅಲ್ವಾ? ನನ್ನ ಮಗಳು ಮೆತ್ತಗಿನವಳು. ಮನೆಯೊಳಗೆ ಹೊಡೆಯುವವರಲ್ಲ, ಅಲ್ವಾ?"

ನಾನು ಗೆಲ್ಲಬೇಕೆಂದು ಆಡಿದ ಮಾತಲ್ಲ ಅದು. ಆ ಹೆಂಗಸಿಗೆ ಆ ಹೊತ್ತಿನಲ್ಲಿ ಕೊಡಬಹುದಾದ ನಿಜ ನನ್ನ ಹತ್ತಿರ ಒಂದೇ ಇತ್ತು, ಮೂಲ ಸಮೇತ.

"ಇಲ್ಲಮ್ಮ, ನೀವು ಹೆದರಬೇಡಿ" ಎಂದೆ. "ಮನೆಯಲ್ಲಿ ಒಂದು ದಿನವೂ ಕೈ ಎತ್ತಿದವರಲ್ಲ. ಎಷ್ಟು ದೊಡ್ಡ ಮೀನು ತಂದರೂ ತಲೆಯನ್ನು ಹೆಂಡತಿಯ ತಟ್ಟೆಗೇ ಹಾಕುತ್ತಿದ್ದರಂತೆ."

ಅವರ ಮುಖ ಅರಳಿತು. ಅಕ್ಕನ ಕೈಯಲ್ಲಿದ್ದ ತೆಂಗಿನಕಾಯಿಯ ಕಡಿ ತುರಿಮಣೆಯ ಮೇಲೆ ನಿಂತಿತು. ಒಳಗೆ ಯಾರೋ ಊಟಕ್ಕೆ ಎಲೆ ಹಾಕಲು ಹೇಳುತ್ತಿದ್ದರು. ಏಳಲು ಹೊರಟಿದ್ದ ಅವರು ಮತ್ತೆ ಕುಳಿತು, ಡಬ್ಬಿಯ ಮುಚ್ಚಳ ಹಾಕಿ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಯಾವ ಹೆಂಡತಿಯ ತಟ್ಟೆಗೆ, ಮಗಳೇ?"